ಅಪ್‌ಡೇಟ್: ನೀರು ಕುಡಿದ ದೋಣಿ ಮೋಟಾರ್‌ಗೆ ಕೊನೆಗೂ ಜೀವ ಬಂತು

ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಮಳೆನೀರು ನುಗ್ಗಿ ನನ್ನ 15 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರ್ (ದೋಣಿಯ ಹಿಂಬದಿಗೆ ತಗುಲಿಸುವ ಎಂಜಿನ್) ಮುಳುಗಿದ ಕಥೆಯನ್ನು ಹಿಂದಿನ ಪೋಸ್ಟಿನಲ್ಲಿ ಹೇಳಿದ್ದೆನಲ್ಲ. ಸ್ಟಾರ್ಟರ್ ‘ಟಕ್’ ಎಂದು ಸುಮ್ಮನಾಗುತ್ತಿತ್ತು, ಹಗ್ಗ ಎಳೆದರೂ ಕಿಡಿಯಿಲ್ಲ. ಸಿಡಿಐ, ಅಂದರೆ ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಘಟಕ, ಸುಟ್ಟಿದೆ ಎಂದು ಬಹುತೇಕರು ತೀರ್ಪು ಕೊಟ್ಟಿದ್ದಿರಿ. ಪಾಪ, ಅದು ನಿರಪರಾಧಿ.

ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು, ಅಂದರೆ ಚಾರ್ಜ್ ತುಂಬಿತ್ತು. ನಿಮ್ಮಲ್ಲೊಬ್ಬರು ಹೇಳಿದಂತೆ, ಸ್ಟಾರ್ಟರ್ ಗುಂಡಿ ಒತ್ತಿ ಹಿಡಿದೇ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ನಿನ ಮೈಗೂ ನಡುವೆ ಅಳೆದೆ. ಅರ್ಧ ವೋಲ್ಟ್ ದಾಟಬಾರದ ಕಡೆ 3 ವೋಲ್ಟ್! ಅಂದರೆ ಅವೆರಡನ್ನು ಜೋಡಿಸುವ ಅರ್ತ್ ತಂತಿಯಲ್ಲೇ ತಡೆ. ತಂತಿ ಹೊರಗೆ ಫಳಫಳ. ಹೊದಿಕೆ ಸೀಳಿದರೆ ಒಳಗೆಲ್ಲ ಹಸಿರು ಪುಡಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸದು ತಂದು ಹಾಕಿದೆ, ಸ್ಟಾರ್ಟರ್ ತಿರುಗಿತು.

ಕಿಡಿ ಮಾತ್ರ ಇನ್ನೂ ಇಲ್ಲ. ಕಿಲ್ ಸ್ವಿಚ್ಚಿನ (ಓಡಿಸುವವರು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚು) ತಂತಿ ಕಳಚಿ ಹಗ್ಗ ಎಳೆದಾಗ ನೀಲಿ ಕಿಡಿ ಚಟ್ಟೆಂದಿತು. ಸ್ವಿಚ್ಚಿನೊಳಗೆ ಕೂತಿದ್ದ ಕೆಸರು ಆ ತಂತಿಯನ್ನು ಸದಾ ಅರ್ತ್‌ಗೆ ಜೋಡಿಸಿ, ಎಂಜಿನ್ನಿಗೆ ‘ನಿಲ್ಲು, ನಿಲ್ಲು’ ಎನ್ನುತ್ತಲೇ ಇತ್ತು. ತಂತಿಯನ್ನು ಹಾಗೆಯೇ ಬಿಟ್ಟುಬಿಡುವ ಆಸೆಯಾಯಿತು, ಸುಳ್ಳೇಕೆ. ಆದರೆ ನಾನು ನೀರಿಗೆ ಬಿದ್ದ ಮೇಲೂ ದೋಣಿ ಓಡುತ್ತಿರುವುದು ಬೇಡ; ಹೊಸ ಸ್ವಿಚ್ಚನ್ನೇ ಹಾಕಿದೆ.

ಭಾನುವಾರ ಡ್ರಮ್ಮಿನಲ್ಲಿ ನೀರು ತುಂಬಿ ಓಡಿಸಿದೆ, ಪಕ್ಕದ ಮನೆಯವರ ಕೆಂಗಣ್ಣಿನ ನಡುವೆ. ಆದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಮುಂದಿನ ವಾರ ರೆಕ್ಟಿಫೈಯರ್ (ಎಂಜಿನ್ನಿನ ಎಸಿ ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿಸಿಯಾಗಿಸುವ ಭಾಗ) ಬಿಚ್ಚುತ್ತೇನೆ.