ತೋಟದ ಮಣ್ಣಿನ ಹುಳು ಮೈಯಲ್ಲಿ ಮನೆ ಮಾಡುತ್ತದೆಯೇ? ಚರ್ಮರೋಗ ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಪೆರ್ಲ ಸಮೀಪದ ಕೃಷಿಕ ಮಹಿಳೆ):

ಡಾಕ್ಟರೇ, ನಮಸ್ಕಾರ. ನನಗೆ 53 ವರ್ಷ. ಕಳೆದ ಮಳೆಗಾಲದಲ್ಲಿ ಅಡಿಕೆ ಮರಗಳ ಬುಡಕ್ಕೆ ಸೊಪ್ಪು, ಹಟ್ಟಿಗೊಬ್ಬರ ಹಾಕುವ ಕೆಲಸ ಮುಗಿದ ಮೇಲೆ ಮೈಮೇಲೆ ಏನೋ ಹರಿದಾಡಿದ ಹಾಗೆ ಆಗತೊಡಗಿತು. ಮೊದಲು ಪಾದದಲ್ಲಿ, ಆಮೇಲೆ ಬೆನ್ನು, ತಲೆ. ರಾತ್ರಿ ಮಲಗಿದ ಮೇಲೆ ಹೆಚ್ಚು. ಎದ್ದು ದೀಪ ಹಾಕಿ ನೋಡಿದರೆ ಏನೂ ಇರುವುದಿಲ್ಲ. ನಮ್ಮ ಬಚ್ಚಲಿನ ಗೋಡೆಯ ಬುಡದಲ್ಲಿ, ಪಾಚಿ ಹಿಡಿದ ಕಡೆ, ಎಳ್ಳಿಗಿಂತ ಸಣ್ಣ ಬೂದುಬಣ್ಣದ ಹುಳುಗಳಿವೆ. ಬೆರಳು ಹತ್ತಿರ ತಂದರೆ ಚಿಮ್ಮಿ ಹಾರುತ್ತವೆ. ತೋಟದ ತರಗೆಲೆ ಮಗುಚಿದರೂ ಅವೇ. ಮಗಳು ಹುಡುಕಿ ನೋಡಿ, ಅದರ ಹೆಸರು ಸ್ಪ್ರಿಂಗ್‌ಟೇಲ್ ಎಂದಳು. ಅಮೆರಿಕದಲ್ಲಿ ನನ್ನಂಥದೇ ತೊಂದರೆಯಿದ್ದ 20 ಮಂದಿಯ ಚರ್ಮ ಕೆರೆದು ಪರೀಕ್ಷಿಸಿದಾಗ 18 ಮಂದಿಯಲ್ಲಿ ಆ ಹುಳು ಸಿಕ್ಕಿತ್ತಂತೆ. ಒಬ್ಬ ವೈದ್ಯರು ಕಜ್ಜಿಯ ಮುಲಾಮು ಕೊಟ್ಟರು, ಗುಣವಾಗಲಿಲ್ಲ. ಇನ್ನೊಬ್ಬರು ಮೈ ಮುಟ್ಟಿಯೂ ನೋಡದೆ ‘ನಿಮ್ಮ ಮನಸ್ಸಿನ ಭ್ರಮೆ’ ಎಂದು ಕಳುಹಿಸಿದರು. ಆ ಮಾತು ಬಹಳ ನೋಯಿಸಿತು. ಈ ಹುಳು ನಿಜವಾಗಿಯೂ ಚರ್ಮದೊಳಗೆ ಸೇರಿಕೊಳ್ಳುತ್ತದೆಯೇ?

ಉತ್ತರ (ವೈದ್ಯರು):

ಅಕ್ಕ, ನಿಮಗೆ ಆಗುತ್ತಿರುವುದು ನಿಜ. ಮೈಮೇಲೆ ಹರಿದಾಡುವ ಅನುಭವ ಹುಳುವಿಲ್ಲದೆಯೂ ಬರಬಹುದು, ಮತ್ತು ಹುಳುವಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಬಚ್ಚಲಿನಲ್ಲಿ ನೀವು ಕಂಡ ಹುಳುವೂ ನಿಜ. ಆದರೆ ಈ ಎರಡಕ್ಕೂ ನಂಟು ಇಲ್ಲ.

ಹುಳುವಿನ ಸಂಗತಿ ಮೊದಲು. ಸ್ಪ್ರಿಂಗ್‌ಟೇಲ್ ಬಹಳ ಹಳೆಯ ಜೀವಿ. ಸ್ಕಾಟ್‌ಲೆಂಡಿನ ರೈನಿ ಎಂಬಲ್ಲಿ ಸಿಕ್ಕಿದ ಇದರ ಪಳೆಯುಳಿಕೆಗೆ ಸುಮಾರು 40 ಕೋಟಿ ವರ್ಷ ವಯಸ್ಸು. ಹೆಚ್ಚಿನವು ಒಂದೆರಡು ಮಿಲಿಮೀಟರ್ ಉದ್ದ. ರೆಕ್ಕೆಯಿಲ್ಲ. ಹೊಟ್ಟೆಯ ಅಡಿಯಲ್ಲಿ ಮಡಚಿಕೊಂಡ ಕವಲು ಬಾಲವೊಂದಿದೆ. ಅಪಾಯವೆನಿಸಿದಾಗ ಅದನ್ನು ಸಡಿಲಿಸಿ ನೆಲಕ್ಕೆ ಬಡಿದು ಹಾರುತ್ತದೆ. ಶಿಲೀಂಧ್ರ, ಪಾಚಿ, ಕೊಳೆತ ಎಲೆ ಇದರ ಆಹಾರ. ಬಾಯಿಯ ಭಾಗಗಳು ತಲೆಯೊಳಗಿನ ಚೀಲದಲ್ಲಿ ಅಡಗಿರುತ್ತವೆ. ಮನುಷ್ಯರ ಚರ್ಮವನ್ನು ಕಚ್ಚಿ ರಕ್ತ ಹೀರಲು ಅವು ಸಾಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತೆಳ್ಳಗಿನ ಮೈಯ ಇದಕ್ಕೆ ಸುತ್ತ ತೇವ ಇರಲೇಬೇಕು. ಒಣಗಿದ ಕಡೆ ಬೇಗ ಸಾಯುತ್ತದೆ. ನಮ್ಮ ಚರ್ಮದ ಮೇಲ್ಪದರ ಒಣ ಪದರ. ಅಲ್ಲಿ ಅದಕ್ಕೆ ಆಹಾರವೂ ಇಲ್ಲ, ಬದುಕೂ ಇಲ್ಲ.

ತೋಟದ ಲೆಕ್ಕವನ್ನೂ ಯೋಚಿಸಿ. ಸೊಪ್ಪು ಬಿದ್ದ ಒಳ್ಳೆಯ ಮಣ್ಣಿನ ಒಂದು ಚದರ ಮೀಟರಿನಲ್ಲಿ ಹತ್ತಾರು ಸಾವಿರ ಸ್ಪ್ರಿಂಗ್‌ಟೇಲ್‌ಗಳು ಇರಬಹುದು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಎಣ್ಮಕಜೆಯಿಂದ ಅಡೂರಿನ ತನಕ ತಲೆತಲಾಂತರದಿಂದ ಬರಿಗೈಯಲ್ಲಿ ಈ ಮಣ್ಣು ಮಗುಚಿದವರಿದ್ದಾರೆ. ಅದು ಮೈಯೊಳಗೆ ಸೇರುವಂಥದಾಗಿದ್ದರೆ ನಮ್ಮಲ್ಲಿ ಒಬ್ಬ ಕೃಷಿಕನೂ ನೆಮ್ಮದಿಯಾಗಿ ನಿದ್ರಿಸುತ್ತಿರಲಿಲ್ಲ.

ಮಗಳು ಓದಿದ ಅಧ್ಯಯನ ಇರುವುದು ಹೌದು. 2004ರಲ್ಲಿ ನ್ಯೂಯಾರ್ಕಿನ ಕೀಟಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 20ರಲ್ಲಿ 18 ಎಂಬ ಲೆಕ್ಕ ಅದರದ್ದೇ. ಆದರೆ ಅದರ ಆಧಾರ ಚರ್ಮದ ಕೆರೆತವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ತೆಗೆದ ಚಿತ್ರಗಳು. ಸ್ಪ್ರಿಂಗ್‌ಟೇಲ್‌ಗಳನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ಕೆನೆತ್ ಕ್ರಿಶ್ಚಿಯನ್‌ಸೆನ್ ಮತ್ತು ಅರ್ನೆಸ್ಟ್ ಬರ್ನಾರ್ಡ್ 2008ರಲ್ಲಿ ಅದನ್ನು ವಿಮರ್ಶಿಸಿ, ಆ ಚಿತ್ರಗಳಲ್ಲಿ ಈ ಜೀವಿ ಇದೆ ಎನ್ನಲು ಆಧಾರವಿಲ್ಲ ಎಂದು ಬರೆದರು. ಚರ್ಮದ ಹೊಟ್ಟು, ನೂಲಿನ ಎಳೆ, ಧೂಳು ಸೇರಿದ ರಾಶಿಯಲ್ಲಿ ಹುಡುಕುವವರ ಕಣ್ಣಿಗೆ ಕಾಲು, ಮೀಸೆ, ಬಾಲ ಎಲ್ಲವೂ ಮೂಡಿಬರುತ್ತವೆ. ಮೊದಲ ಬರಹ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಲೇ ಇದೆ, ವಿಮರ್ಶೆ ಹೋಗುವುದಿಲ್ಲ. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ, ಏಕೆಂದರೆ ಅದನ್ನು ಓದಿದವರು ಮನೆಗೆ, ಮೈಗೆ ಔಷಧಿ ಹೊಡೆಯಲು ಹೊರಡುತ್ತಾರೆ.

ನೀವು ಅದನ್ನು ಮಾಡಬೇಡಿ. ಬಚ್ಚಲಿನ ಪಾಚಿಯನ್ನು ತಿಕ್ಕಿ ತೆಗೆಯಿರಿ, ನೀರು ನಿಲ್ಲದಂತೆ ನೋಡಿಕೊಳ್ಳಿ, ಗಾಳಿ ಬೆಳಕು ಬರಲಿ. ಹುಳು ತಾನಾಗಿ ಹೋಗುತ್ತದೆ. ತೋಟದಲ್ಲಿರುವುದು ಅಲ್ಲೇ ಇರಲಿ, ಎಲೆಯನ್ನು ಗೊಬ್ಬರ ಮಾಡುವ ಕೆಲಸದಲ್ಲಿ ಅದಕ್ಕೂ ಪಾಲಿದೆ.

ಇನ್ನು ನಿಮ್ಮ ಮೈಯ ಪ್ರಶ್ನೆ. ಇದನ್ನು ತಿಳಿಸಿ: ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯೇ? ಬೆರಳುಗಳ ಸಂದಿನಲ್ಲಿ, ಮಣಿಕಟ್ಟಿನಲ್ಲಿ, ಸೊಂಟದ ಸುತ್ತ ಗುಳ್ಳೆಗಳಿವೆಯೇ? ಮುಟ್ಟು ನಿಂತಿದೆಯೇ? ಸಕ್ಕರೆ ಕಾಯಿಲೆ, ಥೈರಾಯ್ಡ್ ಇದೆಯೇ? ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೀರಿ?

ಮರುಪ್ರಶ್ನೆ (ಅದೇ ಮಹಿಳೆ):

ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ಗುಳ್ಳೆಯೂ ಇಲ್ಲ, ಕೆರೆದ ಗೀರುಗಳು ಮಾತ್ರ. ಮುಟ್ಟು ನಿಂತು ಎರಡು ವರ್ಷವಾಯಿತು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಅನೇಕ ವರ್ಷಗಳಿಂದ ಇದೆ. ನಾವು ಸಸ್ಯಾಹಾರಿಗಳು. ಪಾದ ಕೆಲವೊಮ್ಮೆ ಮರಗಟ್ಟಿದಂತೆಯೂ ಆಗುತ್ತದೆ. ಮತ್ತೊಮ್ಮೆ ಕಜ್ಜಿಯ ಮುಲಾಮು ಹಚ್ಚಬೇಕೇ?

ಉತ್ತರ:

ಬೇಡ. ಕಜ್ಜಿಯ ನುಸಿ ಒಂದೇ ಹಾಸಿಗೆಯಲ್ಲಿ ಮಲಗುವವರನ್ನು, ಜೊತೆಯಲ್ಲಿರುವವರನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಮೊದಲ ಸಲ ಅಂಟಿದವರಿಗೆ ತುರಿಕೆ ಕಾಣಿಸಲು 4ರಿಂದ 6 ವಾರ ಬೇಕಾಗಬಹುದು ಎಂಬುದು ನಿಜ, ಆದರೆ ನಿಮ್ಮದು ಕಳೆದ ಮಳೆಗಾಲದ್ದು. ಆ ಮುಲಾಮನ್ನು ಮತ್ತೆ ಮತ್ತೆ ಹಚ್ಚಿದರೆ ಚರ್ಮ ಒಣಗಿ, ಉರಿದು, ಹರಿದಾಡುವಿಕೆ ಇನ್ನೂ ಹೆಚ್ಚುತ್ತದೆ.

ನೀವು ಕೊಟ್ಟ ವಿವರದಲ್ಲಿ ನನ್ನ ಗಮನ ಸೆಳೆಯುವುದು ಮೂರು ಮಾತು: ಮೆಟ್‌ಫಾರ್ಮಿನ್, ಸಸ್ಯಾಹಾರ, ಮರಗಟ್ಟುವ ಪಾದ. ಮೆಟ್‌ಫಾರ್ಮಿನ್ ಅನ್ನು ವರ್ಷಾನುಗಟ್ಟಲೆ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದುಂಟು. ಮಾಂಸ, ಮೀನು, ಮೊಟ್ಟೆ ತಿನ್ನದವರಿಗೆ ಅದು ಹಾಲು, ಮಜ್ಜಿಗೆಯಿಂದ ಮಾತ್ರ ಸಿಗಬೇಕು. ಬಿ12 ಕೊರತೆಯಾದರೆ ನರಗಳು ಸೊರಗುತ್ತವೆ, ಸಕ್ಕರೆ ಕಾಯಿಲೆಯೂ ಅದನ್ನೇ ಮಾಡುತ್ತದೆ. ಸೊರಗಿದ ನರ ಮೆದುಳಿಗೆ ತಪ್ಪು ಸುದ್ದಿ ಕಳುಹಿಸುತ್ತದೆ. ಅದು ಜುಮುಗುಟ್ಟುವಿಕೆ, ಉರಿ, ಇರುವೆ ಹರಿದಂಥ ಅನುಭವವಾಗಿ ನಮಗೆ ತಿಳಿಯುತ್ತದೆ. ಪಾದದಿಂದ ಶುರುವಾದದ್ದು, ರಾತ್ರಿ ಹೆಚ್ಚಾಗುವುದು ಈ ದಾರಿಗೆ ಹೊಂದುತ್ತದೆ. ಮುಟ್ಟು ನಿಂತ ಮೇಲೆ ಚರ್ಮ ಒಣಗುವುದರಿಂದಲೂ ಕೆಲವರಿಗೆ ಇಂಥ ಹರಿದಾಟ ಬರುತ್ತದೆ.

ರಕ್ತ ಪರೀಕ್ಷೆಯಲ್ಲಿ ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ, ಮೂರು ತಿಂಗಳ ಸಕ್ಕರೆಯ ಸರಾಸರಿ ಇವೆಲ್ಲ ಬೇಕು. ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸಿಕೊಳ್ಳಿ. ಮೆಟ್‌ಫಾರ್ಮಿನ್ ಅನ್ನು ನೀವಾಗಿ ನಿಲ್ಲಿಸಬೇಡಿ. ವರದಿ ಬರುವ ತನಕ ಬಿಸಿ ಬಿಸಿ ನೀರಿನ ಸ್ನಾನ ಬಿಟ್ಟು ಉಗುರುಬೆಚ್ಚಗಿನ ನೀರಿನಲ್ಲಿ ಮೀಯಿರಿ, ಮೈ ಪೂರ್ತಿ ಆರುವ ಮೊದಲೇ ತೆಂಗಿನೆಣ್ಣೆಯನ್ನೋ ವಾಸನೆಯಿಲ್ಲದ ಕ್ರೀಮನ್ನೋ ಹಚ್ಚಿ.

ಪ್ರಶ್ನೆ (ಮುಳ್ಳೇರಿಯದ ಯುವ ಕೃಷಿಕ):

ಡಾಕ್ಟರೇ, ಹಾಗಾದರೆ ಮಣ್ಣಿನ ಸಣ್ಣ ಜೀವಿಗಳಿಂದ ನಮಗೆ ಏನೂ ಆಗುವುದಿಲ್ಲ ಎಂದು ತಿಳಿಯಬಹುದೇ? ಕಾಡು ಸವರಿ ಬಂದ ದಿನ ಸೊಂಟದ ಸುತ್ತ ಕೆಂಪು ಗುಳ್ಳೆ ಏಳುತ್ತವೆ.

ಉತ್ತರ:

ಹಾಗೆ ತಿಳಿಯಬೇಡಿ. ಬರಿಗಣ್ಣಿಗೆ ಕಾಣುವುದೇ ಕಷ್ಟವಾದ ಒಂದು ನುಸಿ ನಮ್ಮ ಪೊದೆಗಾಡುಗಳಲ್ಲಿದೆ, ಚಿಗ್ಗರ್ ಎನ್ನುತ್ತಾರೆ. ಅದರ ಬೆಳೆದ ಹಂತ ಮಣ್ಣಿನಲ್ಲೇ ಬದುಕುತ್ತದೆ, ಮನುಷ್ಯನ ಗೊಡವೆಗೆ ಬರುವುದಿಲ್ಲ. ಕೀಟಗಳ ಮೊಟ್ಟೆ, ಮೇಲೆ ಹೇಳಿದ ಸ್ಪ್ರಿಂಗ್‌ಟೇಲ್‌ಗಳ ಮೊಟ್ಟೆಯನ್ನೂ ತಿನ್ನುತ್ತದೆ. ಮರಿ ಮಾತ್ರ ಇಲಿಗೋ ನಮಗೋ ಅಂಟಿಕೊಂಡು, ಚರ್ಮದ ಜೀವಕೋಶಗಳನ್ನು ಕರಗಿಸಿ ಹೀರುತ್ತದೆ. ಉದ್ದ ಸುಮಾರು 0.2 ಮಿಲಿಮೀಟರ್. ಬಟ್ಟೆ ಬಿಗಿಯಾಗಿರುವ ಸೊಂಟ, ತೊಡೆಸಂದು, ಕಂಕುಳು ಅದಕ್ಕೆ ಇಷ್ಟ. ಬರಿಯ ತುರಿಕೆಯಾದರೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಕೆಲವು ಜಾತಿಯ ಚಿಗ್ಗರ್‌ಗಳು ಸ್ಕ್ರಬ್ ಟೈಫಸ್ ಜ್ವರದ ರೋಗಾಣುವನ್ನು ಹೊತ್ತಿರುತ್ತವೆ. ತೋಟಕ್ಕೆ, ಕಾಡಿಗೆ ಹೋಗಿ ಬಂದ ಒಂದರಿಂದ ಮೂರು ವಾರದೊಳಗೆ ತೀವ್ರ ಜ್ವರ, ತಲೆನೋವು ಬಂದು, ಮೈಯ ಮರೆಯಾದ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆಯೊಂದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಆ ಹಕ್ಕಳೆಯನ್ನು ತೋರಿಸಿ. ಹಕ್ಕಳೆ ಎಲ್ಲರಲ್ಲೂ ಇರುವುದಿಲ್ಲ, ಆದ್ದರಿಂದ ಕಾಡಿಗೆ ಹೋದ ವಿಷಯವನ್ನು ಬಾಯಿಬಿಟ್ಟು ಹೇಳಿ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಿಗೆ ಇದು ಬಗ್ಗುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳಿಗೆ ತಗಲಿ ಪ್ರಾಣ ಹೋದದ್ದೂ ಇದೆ.

ಕಾಡು ಸವರುವಾಗ ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಬಂದ ಕೂಡಲೇ ಸೋಪು ಹಾಕಿ ಸ್ನಾನ, ಬಟ್ಟೆ ಒಗೆಯಲು. ಬಟ್ಟೆಯನ್ನು ಹುಲ್ಲಿನ ಮೇಲೆ ಹರಡಬೇಡಿ.

ಇನ್ನುಳಿದವು ಚುಟುಕಾಗಿ. ಮಾಡಿನಲ್ಲಿ ಹಕ್ಕಿಗೂಡೋ ಪಕ್ಕದಲ್ಲಿ ಕೋಳಿಗೂಡೋ ಇದ್ದರೆ ಅದರ ನುಸಿ ಬಂದು ಕಚ್ಚುತ್ತದೆ, ಗೂಡು ತೆಗೆದರೆ ತೊಂದರೆ ನಿಲ್ಲುತ್ತದೆ. ರಬ್ಬರ್ ತೋಟದ ತರಗೆಲೆಯಿಂದ ಬೇಸಗೆ ಮಳೆಯ ಹೊತ್ತಿಗೆ ಮನೆಯೊಳಗೆ ನುಗ್ಗುವ ಕರಿಯ ಹುಳು, ಮಲಯಾಳದಲ್ಲಿ ಮುಪ್ಲಿ ವಂಡು ಎನ್ನುತ್ತಾರಲ್ಲ, ಅದು ಕಚ್ಚುವುದಿಲ್ಲ, ಅದರ ಸ್ರಾವ ತಗಲಿದರೆ ಚರ್ಮ ಸುಡುತ್ತದೆ. ಇವೆಲ್ಲವೂ ಮೈಮೇಲೆ ಗುರುತು ಬಿಡುತ್ತವೆ, ಕೆಲವು ದಿನಗಳಲ್ಲಿ ಮಾಯುತ್ತವೆ. ತಿಂಗಳುಗಟ್ಟಲೆ ಗುರುತಿಲ್ಲದೆ ಹರಿದಾಡುವುದು ಇವುಗಳ ಸ್ವಭಾವವಲ್ಲ.

ಪ್ರಶ್ನೆ (ಮಂಜೇಶ್ವರದ ಶಾಲಾ ಶಿಕ್ಷಕಿ):

ನನ್ನ ತಾಯಿಗೆ 72 ವರ್ಷ. ಮೈಯಿಂದ ಹುಳು ಹೊರಬರುತ್ತಿದೆ ಎಂದು ಚರ್ಮದ ಚೂರು, ನೂಲು, ಹೊಟ್ಟು ಎಲ್ಲವನ್ನೂ ಡಬ್ಬಿಯಲ್ಲಿ ತುಂಬಿಸಿಡುತ್ತಾರೆ. ಸೀಮೆಎಣ್ಣೆ ಹಚ್ಚಿಕೊಳ್ಳುತ್ತಾರೆ, ಹಾಸಿಗೆಗೆ ತೋಟದ ಕೀಟನಾಶಕ ಸಿಂಪಡಿಸುತ್ತಾರೆ. ಹುಳುವಿಲ್ಲ ಎಂದರೆ ಅಳುತ್ತಾರೆ. ಏನು ಮಾಡಲಿ?

ಉತ್ತರ:

ಇವತ್ತೇ ಸೀಮೆಎಣ್ಣೆಯನ್ನೂ ಕೀಟನಾಶಕವನ್ನೂ ಅವರ ಕೈಗೆ ಸಿಗದಂತೆ ತೆಗೆದಿಡಿ. ತೋಟಕ್ಕೆ ಹೊಡೆಯುವ ಅನೇಕ ಕೀಟನಾಶಕಗಳು ಚರ್ಮದ ಮೂಲಕ ರಕ್ತಕ್ಕೆ ಸೇರುತ್ತವೆ. ಅತಿಯಾದ ಬೆವರು, ಜೊಲ್ಲು, ವಾಂತಿ, ಸ್ನಾಯುಗಳ ಅದುರು, ಉಸಿರಾಟದ ತೊಂದರೆ ಕಂಡರೆ ಬಟ್ಟೆ ಬದಲಿಸಿ, ಸೋಪು ನೀರಿನಲ್ಲಿ ಮೈ ತೊಳೆದು, ಬಾಟಲಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.

ತಾಯಿಯ ಸ್ಥಿತಿಯನ್ನು ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬಾಮ್ 1938ರಲ್ಲೇ ವಿವರಿಸಿದ್ದಾರೆ. ಮೈಯಲ್ಲಿ ಹುಳುವಿದೆ ಎಂಬ ಅಚಲ ನಂಬಿಕೆ ಅದು. ಅದು ದಡ್ಡತನವಲ್ಲ, ಹಟವೂ ಅಲ್ಲ. ಜೇ ಟ್ರಾವರ್ ಎಂಬ ಅಮೆರಿಕದ ಕೀಟಶಾಸ್ತ್ರಜ್ಞೆ 1951ರಲ್ಲಿ ತನ್ನ ತಲೆಯಲ್ಲಿ ಮನೆಧೂಳಿನ ನುಸಿ ಸೇರಿದೆ ಎಂದು ವಿಜ್ಞಾನ ಪತ್ರಿಕೆಯಲ್ಲೇ ಬರೆದರು, ಅಪಾಯಕಾರಿ ರಾಸಾಯನಿಕಗಳನ್ನು ಹಚ್ಚಿಕೊಂಡು ಬಳಲಿದರು. ಅದು ಇದೇ ಕಾಯಿಲೆಯಾಗಿತ್ತೆಂದು 2013ರಲ್ಲಿ ಮತ್ತೊಬ್ಬ ಕೀಟಶಾಸ್ತ್ರಜ್ಞರು ವಿಶ್ಲೇಷಿಸಿದ್ದಾರೆ. ಹುಳುಗಳನ್ನೇ ಓದಿದವರಿಗೆ ಹೀಗಾಗಿದೆ.

ಡಬ್ಬಿ ತಂದರೆ ಸಾಕು, ಅದೇ ಭ್ರಮೆಯ ಲಕ್ಷಣ ಎಂದು ನಮ್ಮ ಪಠ್ಯದಲ್ಲಿ ಕಲಿಸುತ್ತಾರೆ. ನಾನು ಆ ಡಬ್ಬಿಯನ್ನು ತೆರೆಯದೆ ಯಾರನ್ನೂ ಕಳುಹಿಸುವುದಿಲ್ಲ. ಒಮ್ಮೊಮ್ಮೆ ಅದರಲ್ಲಿ ಹಕ್ಕಿನುಸಿಯೋ ತಿಗಣೆಯೋ ನಿಜವಾಗಿಯೂ ಇರುತ್ತದೆ. ನೋಡದೆ ಹೇಳಿದ ‘ಇಲ್ಲ’ವನ್ನು ರೋಗಿ ಯಾಕೆ ನಂಬಬೇಕು? ಅದರಲ್ಲೂ ನಮ್ಮ ಜಿಲ್ಲೆಯ ಜನರು ಯಾಕೆ ನಂಬಬೇಕು? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ವರ್ಷಗಳಲ್ಲಿ ಅವರು ಹೇಳಿದ ನೋವನ್ನು ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ್ದು 2011ರಲ್ಲಿ.

ತಾಯಿಯ ಜೊತೆ ಹುಳು ಇದೆಯೋ ಇಲ್ಲವೋ ಎಂದು ವಾದಿಸಬೇಡಿ, ಇದೆ ಎಂದು ಒಪ್ಪಿಕೊಳ್ಳಲೂ ಬೇಡಿ. ‘ಅಮ್ಮ, ನಿಮಗೆ ನಿದ್ರೆಯಿಲ್ಲ, ಸಂಕಟವಾಗುತ್ತಿದೆ, ಅದು ಕಡಿಮೆಯಾಗಲಿ’ ಎಂದು ಹೇಳಿ. ಮೊದಲು ಫಿಸಿಷಿಯನ್ ಬಳಿ ರಕ್ತ ಪರೀಕ್ಷೆಗಳು, ಜ್ಞಾಪಕಶಕ್ತಿಯ ಪರೀಕ್ಷೆ ಆಗಲಿ. ಪಾರ್ಕಿನ್‌ಸನ್ ಕಾಯಿಲೆಯ ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು. ಬೇರೆ ಕಾರಣ ಸಿಗದಿದ್ದರೆ ಕಡಿಮೆ ಪ್ರಮಾಣದ ರಿಸ್ಪೆರಿಡೋನ್‌ನಂಥ ಔಷಧಿಯಿಂದ ಅನೇಕರಿಗೆ ಹರಿದಾಟವೂ ನಂಬಿಕೆಯೂ ಇಳಿಯುತ್ತವೆ, ಆದರೆ ಈ ವಯಸ್ಸಿನಲ್ಲಿ ಅದನ್ನು ಮನೋವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕು. ಚರ್ಮವೈದ್ಯರೂ ಮನೋವೈದ್ಯರೂ ಒಂದೇ ಕಟ್ಟಡದಲ್ಲಿ ಸಿಗುವ ಆಸ್ಪತ್ರೆಯಾದರೆ ಅವರನ್ನು ಒಪ್ಪಿಸುವುದು ಸುಲಭ. ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಆ ಡಬ್ಬಿಯನ್ನೂ ಕೊಂಡುಹೋಗಿ, ಮತ್ತು ತೆರೆದು ನೋಡುವಂತೆ ವೈದ್ಯರನ್ನು ನೀವೇ ಕೇಳಿಕೊಳ್ಳಿ.