‘ಟು ರಮ್ಯಾ ಅಂಡ್ ಐ’ ಬರೆದು ಬೈಸಿಕೊಂಡೆ. ನೀವು ಇದನ್ನೆಲ್ಲ ಹೇಗೆ ಕಲಿತಿರಿ?

ಹಾಸನದ ಹುಡುಗಿ:
ಹತ್ತನೇ ಕ್ಲಾಸಿನವರೆಗೆ ನನ್ನದು ಕನ್ನಡ ಮೀಡಿಯಂ. ಈಗ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಮೊನ್ನೆ ಮೇಲ್‌ನಲ್ಲಿ ‘ಪ್ಲೀಸ್ ಸೆಂಡ್ ದ ಫೈಲ್ ಟು ರಮ್ಯಾ ಅಂಡ್ ಐ’ ಎಂದು ಬರೆದೆ. ಮ್ಯಾನೇಜರ್ ಎಲ್ಲರ ಮುಂದೆಯೇ ತಿದ್ದಿದರು. ಶಾಲೆಯಲ್ಲಿ ‘ರಮ್ಯಾ ಅಂಡ್ ಮಿ ಅನ್ನಬಾರದು, ಐ ಅನ್ನಬೇಕು’ ಎಂದೇ ಹೇಳಿಕೊಟ್ಟಿದ್ದರು. ‘ಟು’, ‘ವಿತ್’ ಥರದ ಪ್ರಿಪೊಸಿಷನ್, ‘ಐ’, ‘ಮಿ’ ಥರದ ಪ್ರೊನೌನ್ (ಸರ್ವನಾಮ), ‘ಅಂಡ್’ ಥರದ ಕಂಜಂಕ್ಷನ್ ಬಿಡಿಬಿಡಿಯಾಗಿ ಗೊತ್ತು. ಮೂರೂ ಒಂದೇ ವಾಕ್ಯದಲ್ಲಿ ಬಂದರೆ ತಲೆ ಕೆಡುತ್ತದೆ. ಕನ್ನಡದಲ್ಲಿ ಓದಿ ಬಂದವರು ಇದನ್ನು ಹೇಗೆ ದಾಟಿದಿರಿ?

ನಿವೃತ್ತ ಮೇಷ್ಟ್ರು:
ನಿಮ್ಮ ಶಾಲೆಯವರು ಅರ್ಧ ಹೇಳಿ ಬಿಟ್ಟಿದ್ದಾರಮ್ಮ. ‘ರಮ್ಯಾ ಅಂಡ್ ಐ ಕೇಮ್’ ಸರಿ, ಬಂದವರು ನೀವೇ. ಆದರೆ ‘ಟು’, ‘ಫಾರ್’, ‘ವಿತ್’ ಇವುಗಳ ನಂತರ ಬಂದರೆ ‘ಐ’ ಹೋಗಿ ‘ಮಿ’ ಆಗಬೇಕು. ವರ್ಷಗಟ್ಟಲೆ ನಾನು ಇದನ್ನು ಬಾಯಿಪಾಠ ಮಾಡಿಸಿದೆ. ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಿದ್ದರು, ಹೊರಗೆ ಬಂದು ಮರೆಯುತ್ತಿದ್ದರು. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ: ‘ಸಾರ್, ನಾವೂ ನಾನುಗೆ ಕೊಡು ಅನ್ನಲ್ವಲ್ಲ, ನನಗೆ ಅಂತೀವಿ. ಇದೂ ಹಂಗೇನಾ?’ ಹಂಗೇ! ‘ಗೆ’ ಬಂದರೆ ‘ನಾನು’ ಹೋಗಿ ‘ನನಗೆ’, ‘ಜೊತೆ’ ಬಂದರೆ ‘ನನ್ನ ಜೊತೆ’. ನಮಗೆ ಹುಟ್ಟಿನಿಂದ ಗೊತ್ತಿರುವ ವಿಷಯವನ್ನೇ ನಾನು ಹೊಸ ನಿಯಮದ ಹಾಗೆ ಹೇರಿದ್ದೆ.

ಎಡವುವುದು ‘ಅಂಡ್’ ಬಂದಾಗ. ನಾವು ‘ರಮ್ಯಾಗೂ ನನಗೂ ಕಳಿಸಿ’ ಎನ್ನುತ್ತೇವೆ. ‘ಗೆ’ ಇಬ್ಬರಿಗೂ ಅಂಟಿಕೊಂಡಿದೆ, ‘ಊ’ ಕೂಡ ಇಬ್ಬರಿಗೂ. ಇಂಗ್ಲಿಷಿನಲ್ಲಿ ‘ಟು’ ಒಂದೇ ಸಲ, ‘ಅಂಡ್’ ಒಂದೇ ಸಲ. ರಮ್ಯಾಳನ್ನು ದಾಟಿ ನಿಮ್ಮ ಸರದಿ ಬರುವಷ್ಟರಲ್ಲಿ ‘ಟು’ ಮರೆತೇ ಹೋಗಿರುತ್ತದೆ. ಅದಕ್ಕೆ ರಮ್ಯಾಳನ್ನು ತೆಗೆದು ಓದಿ ನೋಡಿ. ‘ಸೆಂಡ್ ಇಟ್ ಟು ಐ’ ಎಂದು ಯಾರೂ ಬರೆಯುವುದಿಲ್ಲ, ಅಲ್ವಾ? ಈ ಉಪಾಯ ‘ಬಿಟ್ವೀನ್’ಗೆ ನಡೆಯುವುದಿಲ್ಲ, ಒಬ್ಬರ ‘ನಡುವೆ’ ಏನೂ ಇರುವುದಿಲ್ಲವಲ್ಲ. ಅಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ: ‘ನೀನು ನಾನು ನಡುವೆ’ ಅಲ್ಲ, ‘ನಿನ್ನ ನನ್ನ ನಡುವೆ’. ಹಾಗಾಗಿ ‘ಬಿಟ್ವೀನ್ ಯು ಅಂಡ್ ಮಿ’.

ಇನ್ನೊಂದು ಮಾತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳೂ ನಮ್ಮ ವಿಭಕ್ತಿಯ ಹಾಗೆ ರೂಪ ಬದಲಿಸುತ್ತಿದ್ದವು. ಆ ಪ್ರತ್ಯಯಗಳು ಸವೆದುಹೋದವು, ಬಹಳಷ್ಟು ಕೆಲಸ ಪ್ರಿಪೊಸಿಷನ್‌ಗಳ ತಲೆಗೆ ಬಂತು. ಐ–ಮಿ, ಹಿ–ಹಿಮ್, ದೇ–ದೆಮ್‌ನಂಥ ಸರ್ವನಾಮಗಳಲ್ಲಿ ಹಳೆಯದು ಇನ್ನೂ ಉಳಿದಿದೆ.

ಟೊರಾಂಟೊ ಅಮ್ಮ:
ತಂಗಿ, ಇಲ್ಲೇ ಹುಟ್ಟಿದ ಮಕ್ಕಳೂ ಇದೇ ತಪ್ಪು ಮಾಡುತ್ತಾರೆ. ನನ್ನ ಮಗಳು ಚಿಕ್ಕವಳಿದ್ದಾಗ ‘ಮಿ ಅಂಡ್ ಮಾಯಾ ವೆಂಟ್’ ಎನ್ನುತ್ತಿದ್ದಳು. ತಿದ್ದಿ ತಿದ್ದಿ ಅವಳಿಗೆ ‘ಮಿ’ ಎಂದರೇ ಹೆದರಿಕೆ ಹುಟ್ಟಿತು. ಆಮೇಲೆ ಎಲ್ಲ ಕಡೆ ‘ಐ’ ತುರುಕಿ ‘ವಿತ್ ಮಾಯಾ ಅಂಡ್ ಐ’ ಶುರು. ನಿಮಗೂ ಆಗಿದ್ದು ಅದೇ.

ಅವಳಿಗೆ ಕನ್ನಡ ಕಲಿಸುವಾಗ ನನಗೇ ಒಂದು ಪಾಠ ಆಯಿತು. ‘ನಾನು ಬರೆಯುವ ಪೆನ್ನು’ ಎಂದೆ. ‘ಅಮ್ಮಾ, ದ ಪೆನ್ ಐ ರೈಟ್ ವಿತ್ ಅಲ್ವಾ, ಇದರಲ್ಲಿ ವಿತ್ ಎಲ್ಲಿ?’ ಎಂದಳು. ನಿಜ, ಇಲ್ಲವೇ ಇಲ್ಲ! ‘ನಾನು ಇರುವ ಮನೆ’ಯಲ್ಲಿ ‘ಇನ್’ ಇಲ್ಲ, ‘ನಾನು ಕೂತ ಕುರ್ಚಿ’ಯಲ್ಲಿ ‘ಆನ್’ ಇಲ್ಲ. ಇಪ್ಪತ್ತು ವರ್ಷ ನಾನು ‘ದ ಹೌಸ್ ಐ ಲಿವ್’ ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದೆ. ‘ದ ಹೌಸ್ ಐ ಲಿವ್ ಇನ್’ ಆಗಬೇಕು. ಜಾಸ್ತಿ ಮರ್ಯಾದೆಯ ಬರಹಕ್ಕೆ ‘ಇನ್ ವಿಚ್ ಐ ಲಿವ್’. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಇಡಬಾರದು ಎಂದು ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. 1672ರಲ್ಲಿ ಡ್ರೈಡನ್ ಎಂಬ ಕವಿ ಹಾಗೆ ಆಕ್ಷೇಪ ಎತ್ತಿದ್ದ. ಜನ ಮಾತ್ರ ಇಡುತ್ತಲೇ ಬಂದಿದ್ದಾರೆ.

ನೈಟ್ ಶಿಫ್ಟ್:
ನಾನು ಕಾಲ್ ಸೆಂಟರಿನಲ್ಲಿ ಆರು ವರ್ಷ ಇದ್ದೆ. ನನ್ನ ಪೂರ್ತಿ ತಂಡ ‘ಸಿನ್ಸ್ ಟು ಇಯರ್ಸ್’ ಎನ್ನುತ್ತಿತ್ತು. ‘ಎರಡು ವರ್ಷದಿಂದ’, ‘ಸೋಮವಾರದಿಂದ’, ಎರಡಕ್ಕೂ ನಮ್ಮದು ಒಂದೇ ‘ಇಂದ’ ನೋಡಿ. ಇಂಗ್ಲಿಷಿನಲ್ಲಿ ಎಷ್ಟು ಕಾಲ ಎಂಬ ಲೆಕ್ಕವಾದರೆ ‘ಫಾರ್ ಟು ಇಯರ್ಸ್’, ಶುರುವಾದ ದಿನವಾದರೆ ‘ಸಿನ್ಸ್ ಮಂಡೇ’. ‘ಡಿಸ್ಕಸ್ ಅಬೌಟ್’ ಕೂಡ ನಮ್ಮ ‘ಬಗ್ಗೆ’ಯ ಕೊಡುಗೆ. ‘ಡಿಸ್ಕಸ್ ಇಟ್’ ಸಾಕು.

ಮೇಷ್ಟ್ರು ಹೇಳಿದ್ದಕ್ಕೆ ಒಂದು ಬಾಲ ಸೇರಿಸುತ್ತೇನೆ. ‘ಆಫ್ಟರ್’, ‘ಬಿಫೋರ್’ ಎರಡು ವೇಷ ಹಾಕುತ್ತವೆ. ‘ಆಫ್ಟರ್ ಹಿಮ್’ ಎಂದರೆ ಪ್ರಿಪೊಸಿಷನ್, ‘ಆಫ್ಟರ್ ಹಿ ಲೆಫ್ಟ್’ ಎಂದರೆ ಕಂಜಂಕ್ಷನ್. ನಮ್ಮಲ್ಲೂ ‘ಅವನ ನಂತರ’, ‘ಅವನು ಹೋದ ನಂತರ’. ಮುಂದೆ ಕ್ರಿಯಾಪದ ಇದೆಯಾ ನೋಡಿ, ಅಷ್ಟೇ. ‘ಬಿಕಾಸ್ ಹಿ ವಾಸ್ ಲೇಟ್’, ಆದರೆ ‘ಬಿಕಾಸ್ ಆಫ್ ಹಿಮ್’.

ಎ.ಸಿ. ರಿಪೇರಿ:
ನಾನು ದುಬೈನಲ್ಲಿದ್ದೇನೆ, ವ್ಯಾಕರಣ ಗೊತ್ತಿಲ್ಲ. ‘ಸ್ವಿಚ್ ಆಫ್ ಇಟ್’ ಅಂದರೆ ಗಿರಾಕಿಗಳು ನಗುತ್ತಿದ್ದರು. ‘ಸ್ವಿಚ್ ಆಫ್ ದ ಎ.ಸಿ.’ ನಡೆಯುತ್ತದೆ. ‘ಇಟ್’ ಬಂದರೆ ಮಧ್ಯಕ್ಕೆ ಹೋಗಬೇಕು: ‘ಸ್ವಿಚ್ ಇಟ್ ಆಫ್’. ಆದರೆ ‘ಲುಕ್ ಅಟ್ ಇಟ್’ನಲ್ಲಿ ಕೊನೆಗೇ ಬರುತ್ತದೆ. ಯಾಕೆ ಅಂತ ಮೇಷ್ಟ್ರೇ ಹೇಳಬೇಕು.

ನಿವೃತ್ತ ಮೇಷ್ಟ್ರು:
‘ಅಟ್’ ಇಲ್ಲಿ ನಿಜವಾದ ಪ್ರಿಪೊಸಿಷನ್, ತನ್ನ ಸರ್ವನಾಮವನ್ನು ಹಿಂದೆ ಕಟ್ಟಿಕೊಂಡೇ ಓಡಾಡುತ್ತದೆ. ‘ಸ್ವಿಚ್ ಆಫ್’ನ ‘ಆಫ್’ ಕ್ರಿಯಾಪದದ ಜೋಡಿ, ‘ಇಟ್’ಗೂ ಅದಕ್ಕೂ ಸಂಬಂಧವಿಲ್ಲ.

ಮಂಡ್ಯದ ಮೇಡಂ:
ಮೇಷ್ಟ್ರೇ, ‘ಟಾಲರ್ ದ್ಯಾನ್ ಐ’ ಎಂದು ಮಕ್ಕಳಿಗೆ ಬರೆಸಿದವರಲ್ಲಿ ನಾನೂ ಒಬ್ಬಳು. ಈಗ ‘ದ್ಯಾನ್ ಮಿ’ ಬರೆದರೂ ಬಿಡುತ್ತೇನೆ, ಎಲ್ಲರೂ ಹೇಳುವುದೇ ಹಾಗೆ. ಅರ್ಥ ಬದಲಾಗುವ ಕಡೆ ಮಾತ್ರ ಹುಷಾರು. ‘ಶಿ ಲೈಕ್ಸ್ ಯು ಮೋರ್ ದ್ಯಾನ್ ಐ ಡು’ ಮತ್ತು ‘ಮೋರ್ ದ್ಯಾನ್ ಮಿ’ ಒಂದೇ ಅಲ್ಲ. ಮೊದಲನೆಯದರಲ್ಲಿ ನನಗಿಂತ ಅವಳಿಗೆ ನಿನ್ನ ಮೇಲೆ ಜಾಸ್ತಿ ಪ್ರೀತಿ. ಎರಡನೆಯದರಲ್ಲಿ ಅವಳಿಗೆ ನನ್ನ ಮೇಲಿರುವುದಕ್ಕಿಂತ ನಿನ್ನ ಮೇಲೆ ಜಾಸ್ತಿ.

‘ಆಲ್ದೋ’ ಬಂದ ವಾಕ್ಯದಲ್ಲಿ ಮತ್ತೆ ‘ಬಟ್’ ಬೇಡ. ‘ಮಳೆ ಬಂದರೂ ಹೋದೆ’ ಎನ್ನುವಾಗ ‘ಊ’ ಒಂದೇ ಸಾಕಲ್ಲ, ಅಲ್ಲೂ ಒಂದೇ ಸಾಕು.

ಹಾಸನದ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹೊಸ ಮೇಲ್: ‘ಎವ್ರಿವನ್ ಬಟ್ ಮಿ ಹ್ಯಾಸ್ ಸೈನ್ಡ್’. ‘ಬಟ್’ ಕಂಜಂಕ್ಷನ್ ತಾನೇ, ‘ಐ’ ಬರಬೇಕಿತ್ತಾ? ಕಳಿಸುವ ಮುಂಚೆ ಕೇಳುತ್ತಿದ್ದೇನೆ.

ನಿವೃತ್ತ ಮೇಷ್ಟ್ರು:
‘ನನ್ನನ್ನು ಬಿಟ್ಟು’ ಎಲ್ಲರೂ ಸಹಿ ಹಾಕಿದ್ದಾರೆ. ಈ ‘ಬಟ್’ ನಮ್ಮ ‘ಬಿಟ್ಟು’ವಿನ ಕೆಲಸ ಮಾಡುತ್ತಿದೆ, ‘ಆದರೆ’ಯ ಕೆಲಸವಲ್ಲ. ‘ಮಿ’ ಇರಲಿ, ಕಳಿಸಿಬಿಡಿ. ಸಹಿಯನ್ನೂ ಹಾಕಿಬಿಡಿ.