ಪ್ರಶ್ನೋತ್ತರ: ರಾತ್ರಿ ಊಟದ ಕಿಟಕಿ ಮುಚ್ಚಿದೆ, ಬಿಲ್ ಎಲ್ಲಿದೆ?

ನಿರ್ವಾಹಕ: ಪುರಸಭೆಗಳಲ್ಲಿ ಲೆಕ್ಕ ಬರೆದು ನಿವೃತ್ತರಾದ ಲೆಕ್ಕಾಧಿಕಾರಿಗಳು ಇಂದು ಸಂಜೆಯವರೆಗೆ ಗುಂಪಿನಲ್ಲಿರುತ್ತಾರೆ. ಇಂದಿರಾ ಕ್ಯಾಂಟೀನ್ ಮತ್ತು ಬಡವರ ಊಟಕ್ಕೆ ಸ್ಥಳೀಯ ಸಂಸ್ಥೆಗಳು ಕೊಡುವ ಹಣದ ಬಗ್ಗೆ ಕೇಳಬಹುದು. ಊರಿನ ಹೆಸರು, ಅಧಿಕಾರಿಗಳ ಹೆಸರು ಬೇಡ.

ಆಟೊ ಚಾಲಕ: ಸರ್, ಹೊಸ ಬಿಪಿಎಲ್ ಕಾರ್ಡ್ ಯಾವಾಗ ಕೊಡುತ್ತಾರೆ?

ಲೆಕ್ಕಾಧಿಕಾರಿ: ಪಡಿತರ ಚೀಟಿ ಪುರಸಭೆಯ ಕೆಲಸವಲ್ಲ. ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ವಿಚಾರಿಸಿ.

ಟೀಚರಮ್ಮ: ನಮಸ್ಕಾರ ಸರ್. ಪುರಸಭೆ ತನ್ನ ಸ್ವಂತ ಹಣದಲ್ಲಿ ಬಡ ಕುಟುಂಬಗಳಿಗೆ ಅಕ್ಕಿ, ಬೇಳೆಯ ಕಿಟ್ ಕೊಡಬಹುದೇ? ನಮ್ಮ ವಾರ್ಡಿನ ಸದಸ್ಯರು ಕೊಡಿಸುತ್ತೇನೆ ಎನ್ನುತ್ತಿದ್ದಾರೆ.

ಲೆಕ್ಕಾಧಿಕಾರಿ: ಹಣ ಮೀಸಲಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಆದರೆ ಕ್ರಿಯಾಯೋಜನೆಯಲ್ಲಿ ಇಲ್ಲದ ಬಾಬತ್ತಿಗೆ ಒಂದು ಸೇರು ಬೇಳೆಯನ್ನೂ ಕೊಡಲಾಗದು. ಕೊಟ್ಟರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಸದಸ್ಯರಿಗಲ್ಲ, ಸಹಿ ಹಾಕಿದವರಿಗೆ. ನನ್ನ ಪಿಂಚಣಿ ತಡವಾದದ್ದು ಅಂಥ ಒಂದು ಸಹಿಯಿಂದಲೇ. ಸದಸ್ಯರನ್ನು ಕ್ರಿಯಾಯೋಜನೆಯ ಪ್ರತಿ ಕೇಳಿ.

ಹೂವಿನಮ್ಮ: ಸ್ವಾಮಿ, ಬಸ್ ನಿಲ್ದಾಣದ ಮುಂದೆ ಹೂವು ಕಟ್ಟುತ್ತೇನೆ. ರಾತ್ರಿ ಊಟ ಕ್ಯಾಂಟೀನಿನಲ್ಲೇ ಆಗುತ್ತಿತ್ತು. ಯುಗಾದಿಯಾದ ಮೇಲೆ ರಾತ್ರಿ ಕಿಟಕಿ ತೆರೆಯುವುದೇ ಇಲ್ಲ. ಕೇಳಿದರೆ ಪುರಸಭೆ ದುಡ್ಡು ಕೊಟ್ಟಿಲ್ಲ ಎನ್ನುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ ಕೊಡುತ್ತಾರೆ. ಆದರೆ ಸಂಜೆ ಒಳಗೆ ಟೋಕನ್ ಯಂತ್ರದ ಸದ್ದು ಕೇಳಿಸುತ್ತದೆ. ನನ್ನ ಮಗ ಬರೆದುಕೊಡುತ್ತಿದ್ದಾನೆ.

ಮನೆ ಮಾಲೀಕ: ನಮ್ಮ ಆಸ್ತಿ ತೆರಿಗೆಯಲ್ಲಿ ಎಲ್ಲರಿಗೂ ಹತ್ತು ರೂಪಾಯಿಗೆ ಊಟ. ಕಾರಿನಲ್ಲಿ ಬಂದು ತಿನ್ನುವವರನ್ನು ಕಣ್ಣಾರೆ ಕಂಡಿದ್ದೇನೆ. ಕಾರ್ಡ್ ತೋರಿಸಿದವರಿಗೆ ಮಾತ್ರ ಕೊಡಲಿ.

ಲೆಕ್ಕಾಧಿಕಾರಿ: ಹೂವಿನಮ್ಮನವರ ಪ್ರಶ್ನೆಗೆ ಮೊದಲು. ತಾಯಿ, ನಿಮ್ಮ ಕೊನೆಯ ಮಾತನ್ನು ಮೂರು ಸಲ ಓದಿದೆ.

ದುಡ್ಡು ಬರುವ ದಾರಿ ಹೀಗೆ. ತಿಂಡಿಗೆ 5, ಎರಡು ಊಟಕ್ಕೆ ಹತ್ತು ಹತ್ತು, ದಿನಕ್ಕೆ ನೀವು ಕೊಡುವುದು 25 ರೂಪಾಯಿ. ಗುತ್ತಿಗೆದಾರರ ದರ 60 ಎಂದು ಇಟ್ಟುಕೊಳ್ಳಿ. ಉಳಿದ 35 ರೂಪಾಯಿಯನ್ನು ಬೆಂಗಳೂರಿನ ಹೊರಗಿನ ಊರುಗಳಲ್ಲಿ ಸರ್ಕಾರ ಶೇ 70, ಸ್ಥಳೀಯ ಸಂಸ್ಥೆ ಶೇ 30 ಹಂಚಿಕೊಳ್ಳಬೇಕೆಂದು 2023ರಲ್ಲಿ ತೀರ್ಮಾನವಾಯಿತು. ಅಂದರೆ ಪುರಸಭೆಯ ಪಾಲು ಹತ್ತೂವರೆ ರೂಪಾಯಿ. ದಿನಕ್ಕೆ 300 ಜನ ಉಂಡರೆ ತಿಂಗಳಿಗೆ 94,500. ದೊಡ್ಡ ನಗರಕ್ಕೆ ಇದು ಲೆಕ್ಕಕ್ಕಿಲ್ಲ. ನೀರು ಸರಬರಾಜಿನ ವಿದ್ಯುತ್ ಬಿಲ್ಲನ್ನೇ ಬಾಕಿ ಇಟ್ಟುಕೊಂಡ ಸಣ್ಣ ಪುರಸಭೆಗೆ ಇದು ಹೊರೆ. ಕೇಂದ್ರದಿಂದ ಬರುವ ಹಣಕಾಸು ಆಯೋಗದ ದುಡ್ಡು ಇದೆಯಲ್ಲ ಎಂದು ಕೇಳುತ್ತೀರಿ. 15ನೇ ಆಯೋಗದ ಅನುದಾನದಲ್ಲಿ ದೊಡ್ಡ ಪಾಲನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಲಾಗಿತ್ತು. ಅದನ್ನು ಅನ್ನಕ್ಕೆ ತಿರುಗಿಸುವಂತಿರಲಿಲ್ಲ. ಹೀಗಾಗಿ ಬಿಲ್ ಮೇಜಿನ ಮೇಲೆ ಕೂರುತ್ತದೆ, ಗುತ್ತಿಗೆದಾರ ಮೊದಲು ರಾತ್ರಿ ಊಟವನ್ನು ಕತ್ತರಿಸುತ್ತಾನೆ. ಇಲ್ಲಿಯವರೆಗೆ ನನಗೆ ಆಶ್ಚರ್ಯವಿಲ್ಲ.

ಆದರೆ ಕಿಟಕಿ ಮುಚ್ಚಿದ್ದರೆ ಟೋಕನ್ ಏಕೆ ಹೊರಡಬೇಕು? ಗುತ್ತಿಗೆದಾರರಿಗೆ ಹಣ ಸಿಗುವುದು ಉಂಡವರ, ಅಂದರೆ ಟೋಕನ್‌ಗಳ, ಎಣಿಕೆಯ ಮೇಲೆ. ದಿನದ ಲೆಕ್ಕ ಮುಗಿಸುವಾಗಲೂ ಯಂತ್ರ ಒಂದಿಷ್ಟು ಕಾಗದ ಉಗುಳುತ್ತದೆ, ಅದೂ ಇರಬಹುದು. ದೂರಿಗೆ ಮೊದಲು ಒಂದು ವಿಷಯ ಹೇಳಿ. ಅಡುಗೆಮನೆಯಿಂದ ಊಟ ತರುವ ವಾಹನ ಸಂಜೆ ಬರುತ್ತಿದೆಯೇ?

ಹೂವಿನಮ್ಮ: ಇಲ್ಲ ಸ್ವಾಮಿ. ಮಧ್ಯಾಹ್ನದ ವಾಹನವೇ ಕೊನೆ.

ಗಾರೆ ಮೇಸ್ತ್ರಿ: ಮಾಲೀಕರೇ, ನನ್ನ ಹತ್ತಿರ ಕೆಲಸಕ್ಕೆ ಬರುವ ರಾಯಚೂರಿನ ಹುಡುಗರ ಕಾರ್ಡ್ ಊರಿನಲ್ಲಿ ಅವರ ಅವ್ವನ ಕೈಯಲ್ಲಿದೆ. ಕಾರ್ಡ್ ತೋರಿಸಿ ಎಂದರೆ ಅವರು ಉಪವಾಸ. ಕಾರಿನಲ್ಲಿ ಬಂದವನು ಚಾಲಕನೋ ಮಾಲೀಕನೋ, ಕೇಳಿದ್ದಿರಾ?

ಮನೆ ಮಾಲೀಕ: ಚೆನ್ನೈಯಲ್ಲಿ ಅಮ್ಮ ಉಣವಗಂ 2013ರಿಂದ ನಡೆಯುತ್ತಿದೆ. ಅಲ್ಲಿ ಈ ಗೋಳಿಲ್ಲ.

ಗಾರೆ ಮೇಸ್ತ್ರಿ: ಅಲ್ಲಿಯೂ ಒಂದು ರೂಪಾಯಿಗೆ ಇಡ್ಲಿ ತಿನ್ನಲು ಕಾರ್ಡ್ ಕೇಳುವುದಿಲ್ಲ. ನಿಮ್ಮ ಉದಾಹರಣೆ ನಿಮಗೇ ತಿರುಗಿತು.

ಮಸಾಲೆ ಅಂಗಡಿ: ಎಲ್ಲರೂ ಗಮನಿಸಿ!! ಸೊಸೈಟಿ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆ, ನೀರಿನಲ್ಲಿ ತೇಲುತ್ತದೆ. ಉಪ್ಪು, ನಿಂಬೆರಸ ಹಾಕಿದ ಬಿಸಿನೀರಿನಲ್ಲಿ ಮೂರು ಸಲ ತೊಳೆದರೆ ವಿಷ ಹೋಗುತ್ತದೆ. ಹತ್ತು ಜನರಿಗೆ ಕಳುಹಿಸಿ.

ಲೆಕ್ಕಾಧಿಕಾರಿ: ಒಬ್ಬರಿಗೂ ಕಳುಹಿಸಬೇಡಿ. ಅದು ಸಾರವರ್ಧಿತ ಅಕ್ಕಿ. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳನ್ನು ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ, ಕೆಲವು ತೇಲುತ್ತವೆ. ರಕ್ತಹೀನತೆ ಇರುವ ಹೆಂಗಸರಿಗೆಂದು ಹಾಕಿದ್ದನ್ನು ಆರಿಸಿ ಕೋಳಿಗೆ ಎರಚುವುದನ್ನು ಕಂಡಿದ್ದೇನೆ. ಇಂಥದ್ದು ಬರೆಯುವವರು ಒಂದು ದಿನ ಆ ಅನ್ನ ಉಂಡು ನೋಡಿದ್ದಾರೆಯೇ?

ಮಸಾಲೆ ಅಂಗಡಿ: ಬಂದದ್ದನ್ನು ಹಾಕಿದೆ ಸರ್. ಕೋಪ ಏಕೆ?

ಹೊಸ ಸದಸ್ಯೆ: ಸರ್, ಬಿಪಿಎಲ್ ಕಾರ್ಡ್ ರದ್ದಾಗಿದೆ. ಒಂದು ಕೊಂಡಿ ಬಂದಿದೆ, ಆಧಾರ್ ಸಂಖ್ಯೆ, ಒಟಿಪಿ ಕೊಟ್ಟರೆ ಮತ್ತೆ ಚಾಲೂ ಮಾಡುತ್ತಾರಂತೆ.

ಲೆಕ್ಕಾಧಿಕಾರಿ: ಒಟಿಪಿ ಕೊಟ್ಟರೆ ಕಾರ್ಡಲ್ಲ, ಖಾತೆ ಖಾಲಿ. ಆಹಾರ ಇಲಾಖೆಯ ಸಹಾಯವಾಣಿ 1967ಕ್ಕೆ ಕರೆ ಮಾಡಿ.

ಆಟೊ ಚಾಲಕ: ಸರ್, ಹೊಸ ಕಾರ್ಡ್ ಯಾವಾಗ ಎಂದು ಹೇಳಲಿಲ್ಲ.

ಲೆಕ್ಕಾಧಿಕಾರಿ: ಮೇಲೆ ನೋಡಿ.

ಪಿಂಚಣಿದಾರ: ವೃದ್ಧಾಪ್ಯ ವೇತನ ಎರಡು ತಿಂಗಳಿನಿಂದ ಬಂದಿಲ್ಲ. ಯಾರಾದರೂ ತಿಳಿದವರು ಹೇಳಿ.

ಮನೆ ಮಾಲೀಕ: ಇಲ್ಲಿ ತೆರಿಗೆ ಕಟ್ಟುವವರ ಮಾತಿಗೆ ಬೆಲೆ ಇಲ್ಲ.

ಗಾರೆ ಮೇಸ್ತ್ರಿ: ಕಳೆದ ವರ್ಷದ ತೆರಿಗೆ ಕಟ್ಟಿದ್ದೀರಾ ಮೊದಲು ಹೇಳಿ.

ನಿರ್ವಾಹಕ: ಇಬ್ಬರೂ ಸಾಕು ಮಾಡಿ.

ಲೆಕ್ಕಾಧಿಕಾರಿ: ಹೂವಿನಮ್ಮನವರಿಗೆ. ವಾಹನ ಬರುವುದಿಲ್ಲ, ಊಟವಿಲ್ಲ, ಟೋಕನ್ ಮಾತ್ರ ಇದೆ ಎಂದರೆ ಅದು ಲೆಕ್ಕಕ್ಕೆ ಸಿಗುವ ವಿಷಯ. ಮಾಹಿತಿ ಹಕ್ಕಿನಲ್ಲಿ ಪುರಸಭೆಯನ್ನು ಕೇಳಬೇಕು. ಯುಗಾದಿಯಿಂದ ಈಚೆಗೆ ತಿಂಡಿ, ಮಧ್ಯಾಹ್ನ, ರಾತ್ರಿ ಎಂದು ಬೇರೆ ಬೇರೆಯಾಗಿ ಉಂಡವರ ಸಂಖ್ಯೆ, ಗುತ್ತಿಗೆದಾರ ಸಲ್ಲಿಸಿದ ಬಿಲ್ಲುಗಳ ಪ್ರತಿ, ಅವುಗಳನ್ನು ದೃಢೀಕರಿಸಿದವರ ಸಹಿ. ಇಷ್ಟೇ. ಶುಲ್ಕ 10 ರೂಪಾಯಿ, ಬಿಪಿಎಲ್ ಇದ್ದರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ‘ಊಟ ಏಕೆ ಕೊಡುತ್ತಿಲ್ಲ’ ಎಂದು ಮಾತ್ರ ಬರೆಯಬೇಡಿ, ಏಕೆ ಎಂಬುದಕ್ಕೆ ‘ಕಡತದಲ್ಲಿ ಮಾಹಿತಿ ಇಲ್ಲ’ ಎಂದು ಸುಲಭವಾಗಿ ಕೈತೊಳೆದುಕೊಳ್ಳುತ್ತಾರೆ. ನಾನೇ ಎಷ್ಟೋ ಸಲ ಹಾಗೆ ಬರೆದಿದ್ದೇನೆ.

ಹೂವಿನಮ್ಮ: ನನ್ನ ಹೆಸರು ಹಾಕಬೇಕೇ ಸ್ವಾಮಿ? ಬುಟ್ಟಿ ಇಡುವ ಜಾಗವೂ ಪುರಸಭೆಯದ್ದೇ.

ಟೀಚರಮ್ಮ: ನನ್ನ ಹೆಸರಿನಲ್ಲಿ ಹಾಕೋಣ ಅಮ್ಮಾ. ನಾಳೆ ಶಾಲೆ ಬಿಟ್ಟ ಮೇಲೆ ಬರುತ್ತೇನೆ.

ಲೆಕ್ಕಾಧಿಕಾರಿ: ಒಳ್ಳೆಯದು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಟೀಚರುಗಳು ಉದ್ದ ಬರೆಯುತ್ತಾರೆ, ಎಣಿಸಿ.

ಆಟೊ ಚಾಲಕ: ಸರ್, ಮೇಲೆ ನೋಡಿದೆ. ಯಾವಾಗ ಎಂದು ಇಲ್ಲ.

ಹೂವಿನಮ್ಮ: ಸ್ವಾಮಿ, ಈಗ ಏಳೂಕಾಲು. ಯಂತ್ರದ ಸದ್ದು ಬಂತು. ನಲವತ್ತರವರೆಗೆ ಎಣಿಸಿದೆ. ಆಮೇಲೆ ಮಲ್ಲಿಗೆಗೆ ಗಿರಾಕಿ ಬಂದರು, ಲೆಕ್ಕ ತಪ್ಪಿತು.